ಹುರುಪೆ ಇಲ್ಲದ ಪ್ರಾಣಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಏಳನೇ ಕ್ಲಾಸ್ ಮಕ್ಕಳಿಗೆ ಅಂತ ಮೀನುಗಳ ಬಗ್ಗೆ ಒಂದು ಸಣ್ಣ ಬರಹ ಕನ್ನಡಕ್ಕೆ ತರ್ತಿದೀನಿ, ಅದ್ರಲ್ಲಿ ‘ಅಲೆಪಿಡೋಟ್’ ಅನ್ನೋ ಪದ ಬಂದು ಅಲ್ಲೇ ನಿಂತುಬಿಟ್ಟೆ. ಗ್ರೀಕ್‌ನಲ್ಲಿ ‘ಲೆಪಿಸ್’ ಅಂದ್ರೆ ಹುರುಪೆ (ಮೀನಿನ ಮೈ ಹೊದ್ದಿರೋ ಸಣ್ಣ ಚೂರುಗಳು, ಇಂಗ್ಲಿಷಲ್ಲಿ ಸ್ಕೇಲ್), ಮುಂದೆ ‘ಅ’ ಸೇರಿದ್ರೆ ಹುರುಪೆ ಇಲ್ಲದ್ದು, ಸಂಸ್ಕೃತದ ‘ಅ’ ಥರಾನೇ. ಚಿಟ್ಟೆಗಳ ಗುಂಪಿಗೆ ಲೆಪಿಡಾಪ್ಟೆರಾ ಅನ್ನೋದೂ ಇದೇ ಪದದಿಂದ, ಚಿಟ್ಟೆ ಹಿಡಿದು ಬಿಟ್ಟಾಗ ಬೆರಳಿಗೆ ಪುಡಿ ಅಂಟ್ಕೊಳ್ಳುತ್ತಲ್ಲ, ಅದು ಅದರ ರೆಕ್ಕೆಯ ಹುರುಪೆ.

‘ಶಲ್ಕರಹಿತ’, ‘ನಿಶ್ಶಲ್ಕ’ ಅಂತ ಬರೀಬಹುದು, ತಪ್ಪಲ್ಲ, ಆದ್ರೆ ಶಲ್ಕ ಅಂದ್ರೇನು ಅಂತಲೇ ಗೊತ್ತಿಲ್ಲದ ಮಗುಗೆ ಅದ್ರಿಂದ ಏನು ಸಿಕ್ಕೀತು. ‘ಸ್ಕೇಲ್ ಇಲ್ಲದ’ ಅಂದ್ರೆ ಗೆರೆ ಎಳೆಯೋ ಸ್ಕೇಲೇ ಕಣ್ಮುಂದೆ ಬರುತ್ತೆ. ‘ಪೊರೆ’ ಬಳಸೋರಿದಾರೆ, ಆದ್ರೆ ಹಾವಿನ ಪೊರೆ, ಕಣ್ಣಿನ ಪೊರೆ ಎರಡೂ ಹಾಳೆ ಹಾಗೆ ಒಂದೇ ಹರವು, ಬಿಡಿಬಿಡಿ ಅಲ್ಲ. ‘ಚಿಪ್ಪು’ ಅಂದ್ರೆ ಚಿಪ್ಪುಹಂದಿಗೆ ಸರಿ, ಅದೇ ಆಮೆಗೂ ತೆಂಗಿನಕಾಯಿಗೂ ಹೋಗುತ್ತೆ. ನನಗೆ ‘ಹುರುಪೆ’ನೇ ಸರಿ ಅನ್ಸೋದು, ಒಂದರ ಮೇಲೊಂದು ಹೊದ್ದ ಚೂರುಗಳು ಅನ್ನೋ ಅರ್ಥ ಅದ್ರಲ್ಲಿದೆ. ಟೈಪ್ ಮಾಡೋವಾಗ ಮಾತ್ರ ಹುಷಾರು, ‘ಹುರುಪಿಲ್ಲದ ಮೀನು’ ಅಂತಾದ್ರೆ ಉತ್ಸಾಹ ಇಲ್ಲದ ಮೀನಾಗುತ್ತೆ.

ಒಂದೇ ಪದ ಬೇಕಂದ್ರೆ ‘ಬೋಳು’ ನೆನಪಾಯ್ತು. ಕೂದಲಿಲ್ಲದ ತಲೆ, ಎಲೆ ಉದುರಿದ ಮರ, ಎಲ್ಲಕ್ಕೂ ಬೋಳು ಅಂತೀವಿ, ‘ಬೋಳುಮೈ ಮೀನು’ ಯಾಕಾಗಬಾರದು? ಆದ್ರೆ ಬೋಳು ಅಂದಾಗ ಇದ್ದಿದ್ದು ಹೋಯ್ತು ಅನ್ನೋ ಛಾಯೆನೂ ಬರುತ್ತೆ, ಮುರುಗೋಡು ಮೀನಿಗೆ ಹುರುಪೆ ಯಾವತ್ತೂ ಇರಲೇ ಇಲ್ಲ.

ನಮ್ಮಮ್ಮ ಗೆಂಡೆ ಮೀನನ್ನ ಬಾಲದಿಂದ ತಲೆ ಕಡೆಗೆ ಹೆರೆದ್ರೆ ಹುರುಪೆ ಚಟಚಟ ಹಾರಿ ಗೋಡೆಗೆ ಮೆತ್ಕೊಳ್ಳೋದು, ಬೆಳಿಗ್ಗೆ ನೋಡಿದ್ರೆ ಒಣಗಿ ಹೊಳೀತಿರೋದು. ಮುರುಗೋಡು ತಂದ ದಿನ ಚಾಕೂನೇ ಬೇಡ, ಒಲೆ ಬೂದಿ ಬಳಿದು ಕಲ್ಲಿಗೆ ಉಜ್ಜೋರು, ಲೋಳೆಯೆಲ್ಲ ಬೂದಿ ಜೊತೆ ಮುದ್ದೆಯಾಗಿ ಬರೋದು. “ಇದಕ್ಕೆ ಹೆರೆಯೋ ಕೆಲ್ಸ ಇಲ್ಲ, ಜಾರದಂಗೆ ಹಿಡ್ಕೊಳ್ಳೋದೇ ಕೆಲ್ಸ” ಅನ್ನೋರು. ಹುರುಪೆ ಇಲ್ಲದ ಮೈ ಅಂದ್ರೆ ನನಗೆ ಅರ್ಥ ಆಗಿದ್ದು ಆ ಬೂದಿಯಿಂದಾನೇ.

ಪದ ಯಾವುದೇ ಇರ್ಲಿ, ಯಾವುದಕ್ಕೆ ಹಾಕ್ತೀವಿ ಅನ್ನೋದ್ರಲ್ಲಿ ಎಚ್ಚರ ಬೇಕು. ಹೊಳೆಯ ಹಾವುಮೀನು ಮುಟ್ಟಿದ್ರೆ ನುಣ್ಣಗೆ, ಆದ್ರೆ ಅದಕ್ಕೆ ಚರ್ಮದಲ್ಲಿ ಹೂತ ಸಣ್ಣ ಹುರುಪೆ ಇರ್ತವೆ. ಶಾರ್ಕ್‌ಗೂ ಹುರುಪೆ ಇಲ್ಲ ಅಂತ ಎಷ್ಟೋ ಜನ ಬರೀತಾರೆ, ಅದರ ಚರ್ಮ ಉಪ್ಪುಕಾಗದದಂತೆ ತರಿತರಿ ಇರೋದೇ ಹಲ್ಲಿನಂಥ ಪುಟ್ಟ ಹುರುಪೆಗಳಿಂದ. ಕಪ್ಪೆಗೆ ಹುರುಪೆ ಇಲ್ಲ, ನಿಜ, ಹಾಗಂತ ಉಭಯವಾಸಿಗಳೆಲ್ಲ ಹುರುಪೆ ಇಲ್ಲದವು ಅಂತ ಬರೆದ್ರೆ ಪಶ್ಚಿಮಘಟ್ಟದ ಸಿಸಿಲಿಯನ್ ಅನ್ನೋ ಕಾಲಿಲ್ಲದ ಉಭಯವಾಸಿ ಹೊರಗುಳಿಯುತ್ತೆ. ಅಲ್ಲಿನ ಇಕ್ತಿಯೋಫಿಸ್ ಜಾತಿಯವಕ್ಕೆ ಮೈಯ ಉಂಗುರದ ಮಡಿಕೆಗಳೊಳಗೆ ಹುರುಪೆ ಅಡಗಿರ್ತವೆ, ಆ ಹೆಸರಿನ ಅರ್ಥಾನೂ ಮೀನು-ಹಾವು ಅಂತಲೇ.

ಸದ್ಯಕ್ಕೆ ‘ಹುರುಪೆಯಿಲ್ಲದ’ ಅಂತ ಬರೆದಿದೀನಿ. ನಿಮ್ಮ ಕಡೆ, ಕರಾವಳಿ, ಮಲೆನಾಡು, ಬಯಲುಸೀಮೆ ಎಲ್ಲೇ ಆಗ್ಲಿ, ಮೀನು ಹೆರೆಯೋರು ಇಂಥ ಮೀನಿಗೆ ಬೇರೆ ಮಾತು ಹೇಳ್ತಾರಾ?