ಹಲ್ಲಿನ ಬುಡದಲ್ಲಿ ಕೀವು: ಮಾತ್ರೆಯಲ್ಲೇ ವಾಸಿಯಾಗುತ್ತಾ?

ಪ್ರಶ್ನೆ: ಹುಳುಕು ದವಡೆಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಡಾಕ್ಟರ್ ಕೊಟ್ಟ ಆಂಟಿಬಯಾಟಿಕ್ ಮಾತ್ರೆ ಅಮಾಕ್ಸಿಸಿಲಿನ್‌ನಿಂದ ಊತ ಇಳಿದಿದೆ, ನೋವೂ ಇಲ್ಲ. ಇನ್ನೂ ರೂಟ್ ಕೆನಾಲ್ ಬೇಕಾ?

ಉತ್ತರ 1: ಬೇಕು. ಹಲ್ಲಿನೊಳಗಿನ ತಿರುಳು ಸತ್ತಿರುತ್ತೆ, ಅಲ್ಲಿಗೆ ರಕ್ತ ಹರಿಯಲ್ಲ, ಹಾಗಾಗಿ ಔಷಧಿಯೂ ತಲುಪಲ್ಲ. ಬ್ಯಾಕ್ಟೀರಿಯಾ ಬೇರಿನ ನಾಳದಲ್ಲೇ ಉಳಿದು ಮತ್ತೆ ಕೀವು ಕಟ್ಟಿಸುತ್ತೆ. ನಾಳ ತೆರೆದು ಶುಚಿಮಾಡಿ, ತುಂಬಿ, ಮೇಲೆ ಕ್ಯಾಪ್ ಹಾಕಿಸಬೇಕು. ಹಲ್ಲು ತೀರಾ ಒಡೆದಿದ್ದರೆ ಕೀಳಿಸೋದೇ ದಾರಿ. ಗುಳ್ಳೆಗೆ ಮನೆಯಲ್ಲಿ ಸೂಜಿ ಚುಚ್ಚಬೇಡಿ.

ಉತ್ತರ 2: ನೋವು ಮರುಕಳಿಸಿದರೆ ವಯಸ್ಕರಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂನ ಒಂದೋ ಎರಡೋ ಮಾತ್ರೆ, 6 ಗಂಟೆಗೊಮ್ಮೆ. ದಿನಕ್ಕೆ 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇದ್ದವರು ಕೇಳದೆ ತಗೋಬೇಡಿ. ಒಂದು ಲೋಟ ಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಒಸಡಿನ ಮೇಲೆ ಆಸ್ಪಿರಿನ್ ಒತ್ತಿಡೋ ಹಳೇ ಚಾಳಿ ಬೇಡವೇ ಬೇಡ, ಚರ್ಮ ಸುಡುತ್ತೆ.

ಉತ್ತರ 3: ನಾಲಿಗೆಯ ಕೆಳಗೆ ಅಥವಾ ಕುತ್ತಿಗೆ ಊದಿಕೊಂಡರೆ, ಬಾಯಿ ತೆರೆಯೋಕೆ, ನುಂಗೋಕೆ, ಉಸಿರಾಡೋಕೆ ಕಷ್ಟವಾದರೆ ಕ್ಲಿನಿಕ್ ತೆರೆಯೋವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಶುಗರ್ ಇದ್ದವರಿಗೆ ಸೋಂಕು ಬೇಗ ಹರಡುತ್ತೆ. ಉಳಿದ ಹಲ್ಲುಗಳಿಗೆ: ರಾತ್ರಿ ಫ್ಲೋರೈಡ್ ಪೇಸ್ಟ್‌ನಿಂದ ಉಜ್ಜಿ ನೊರೆ ಉಗುಳಿ, ನೀರಿನಿಂದ ಮುಕ್ಕಳಿಸದೆ ಮಲಗಿ.