ಮೂರು ವಾರದಿಂದ ಪೀಠಿಕೆಯಲ್ಲೇ ಇದ್ದೇನೆ

ಪ್ರಶ್ನೆ:
ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ವಿಷಯ ‘ಮಕ್ಕಳು ಮತ್ತು ಮೊಬೈಲ್’. ಮೂರು ವಾರದಿಂದ ಪೀಠಿಕೆಯನ್ನೇ ತಿದ್ದುತ್ತಾ ಕೂತಿದ್ದೇನೆ. ಗೈಡ್ ನೋಡಿ, ‘ವಿಷಯ ತುಂಬಾ ದೊಡ್ಡದಾಯ್ತು’ ಅಂತ ವಾಪಸ್ ಕೊಟ್ಟರು. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ಗೈಡ್ ಹೇಳಿದ್ದು ಸರಿ. ‘ಮಕ್ಕಳು ಮತ್ತು ಮೊಬೈಲ್’ ಬರೀ ವಿಷಯ, ಪ್ರಶ್ನೆ ಅಲ್ಲ. ‘ರಾತ್ರಿ ಮೊಬೈಲ್ ನೋಡುವ ಏಳನೇ ತರಗತಿ ಮಕ್ಕಳು ಎಷ್ಟು ಹೊತ್ತಿಗೆ ಮಲಗುತ್ತಾರೆ?’ ಇದು ಪ್ರಶ್ನೆ. ಪೀಠಿಕೆ ಸದ್ಯಕ್ಕೆ ಬಿಡಿ. ನಾನು ಅದನ್ನು ಬರೆದದ್ದು ಎಲ್ಲಕ್ಕಿಂತ ಕೊನೆಗೆ. ಮೊದಲು ಬರೆದದ್ದು ವಿಧಾನದ ಅಧ್ಯಾಯ. ನಾವು ಏನು ಮಾಡಿದೆವು ಅಂತ ನಮಗೆ ಗೊತ್ತೇ ಇರುತ್ತದೆ ಅಲ್ವಾ, ಕೈ ತಾನಾಗಿ ಓಡುತ್ತದೆ.

ಹಾಂ, ನೋಟ್ಸ್ ಮಾಡುವಾಗಲೇ ಪುಟಸಂಖ್ಯೆ ಬರೆದಿಡಿ. ಒಂದೇ ಒಂದು ಸಾಲಿಗಾಗಿ 400 ಪುಟದ ಪುಸ್ತಕವನ್ನು ಎರಡು ದಿನ ಮಗುಚಿದ್ದೇನೆ. ಸಿಕ್ಕಿದ್ದು ಅಡಿಟಿಪ್ಪಣಿಯಲ್ಲಿ!

ಉತ್ತರ 2:
ಓದಿದ ಪುಸ್ತಕ, ಲೇಖನಗಳ ಪಟ್ಟಿ ಇಡುವ ಝೊಟೆರೊ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಆದರೆ ಅದು ತುಂಬಿದ ಹೆಸರು, ವರ್ಷವನ್ನು ಸುಮ್ನೆ ನಂಬಬೇಡಿ. ನನ್ನ ಪಟ್ಟಿಯಲ್ಲಿ ಒಬ್ಬರೇ ಲೇಖಕರು ಇಬ್ಬರಾಗಿದ್ದರು.

ಪ್ರಶ್ನೆ ಕೇಳಿದವರು:
ಪೀಠಿಕೆಯ ಫೈಲ್ ಮುಚ್ಚಿದೆ. ‘ವಿಧಾನ’ ಅಂತ ಹೊಸದು ತೆರೆದೆ. ಆಗಲೇ ಒಂದೂವರೆ ಪುಟ ಆಯ್ತು!