ಮುನ್ನೂರು ವರ್ಷ ಪಾಳುಬಿದ್ದ ಬಾಹ್ಯಾಕಾಶ ನಿಲ್ದಾಣ ಎಲ್ಲಿಟ್ಟರೆ ಉಳಿದೀತು?

ಪ್ರಶ್ನೆ: ಚಳ್ಳಕೆರೆಯ ಕಥೆಗಾರ್ತಿ

ನನ್ನ ವೈಜ್ಞಾನಿಕ ಕಥೆಯ ನಕ್ಷತ್ರಕ್ಕೆ ಖಗೋಳ ವಿಜ್ಞಾನಿ ವೈನು ಬಪ್ಪು ಅವರ ಹೆಸರಿಟ್ಟಿದ್ದೇನೆ. ಸೂರ್ಯನಿಗಿಂತ ತಂಪಾದ, ಕಿತ್ತಳೆ ಬಣ್ಣದ ಕೆ ವರ್ಗದ ನಕ್ಷತ್ರ. ಒಂದೇ ಗ್ರಹ, ಎರಡು ನಿಲ್ದಾಣ: ‘ಕಾವಲೂರು’ ಮತ್ತು ‘ದುರ್ಗ’. ದುರ್ಗ ಇರುವುದು ನಕ್ಷತ್ರ ಮತ್ತು ಗ್ರಹದ ನಡುವೆ, ಎರಡರ ಸೆಳೆತವೂ ಸುತ್ತುವ ವೇಗವೂ ಸರಿದೂಗುವ ಎಲ್1 ಬಿಂದುವಿನಲ್ಲಿ. ಮುನ್ನೂರು ವರ್ಷಗಳ ಹಿಂದೆ ಜನ ಬಿಟ್ಟುಹೋದ ಅದು ನಾಯಕಿ ಬಂದಾಗ ಅಲ್ಲೇ ಇರಬೇಕು. ಭೌತಶಾಸ್ತ್ರ ಒಪ್ಪುತ್ತದೆಯೇ? ನಮ್ಮೂರ ಕಡೆಯ ಉಳ್ಳಾರ್ತಿಯಲ್ಲಿ ಚಂದ್ರನೌಕೆ ಇಳಿಸುವ ಪರೀಕ್ಷೆಗೆ ಇಸ್ರೋ ಚಂದ್ರನಲ್ಲಿರುವಂಥ ಕುಳಿಗಳನ್ನೇ ತೋಡಿಸಿತ್ತು. ಇಲ್ಲಿ ತಪ್ಪು ಹಿಡಿಯುವವರಿಗೆ ಬರವಿಲ್ಲ.

ಉತ್ತರ: ದಾವಣಗೆರೆಯ ನಿವೃತ್ತ ಮೇಷ್ಟ್ರು

ಇರುವುದಿಲ್ಲ, ತಾಯಿ. ಎಲ್1 ಎಂದರೆ ಗುಡ್ಡದ ನೆತ್ತಿಯ ಮೇಲಿಟ್ಟ ಗುಂಡುಕಲ್ಲು. 2024ರ ಜನವರಿ 6ರಂದು ಸೂರ್ಯ ಮತ್ತು ಭೂಮಿಯ ನಡುವಿನ ಎಲ್1ಕ್ಕೆ ತಲುಪಿದ ಇಸ್ರೋ ನೌಕೆ ಆದಿತ್ಯ ಎಲ್1 ಕೂಡ ಆ ಬಿಂದುವಿನ ಸುತ್ತ ಸುತ್ತುತ್ತಾ ಆಗಾಗ ಇಂಧನ ಉರಿಸಿ ದಾರಿ ತಿದ್ದಿಕೊಳ್ಳಬೇಕು. ತಿದ್ದುವವರಿಲ್ಲದ ನಿಲ್ದಾಣ ಮುನ್ನೂರು ವರ್ಷ ಇರಲಿ, ಒಂದು ವರ್ಷವೂ ನಿಲ್ಲದು.

ದುರ್ಗವನ್ನು ಎಲ್4 ಎಂಬ ಇನ್ನೊಂದು ಬಿಂದುವಿಗೆ ಸಾಗಿಸಿ. ಅದು ಗ್ರಹದ ಕಕ್ಷೆಯಲ್ಲೇ 60 ಡಿಗ್ರಿ ಮುಂದಿರುತ್ತದೆ. ನಕ್ಷತ್ರದ ದ್ರವ್ಯರಾಶಿ ಗ್ರಹದ್ದಕ್ಕಿಂತ ಸುಮಾರು 25 ಪಟ್ಟು ಮೀರಿದ್ದರೆ ಅಲ್ಲಿಟ್ಟದ್ದು ಅಲ್ಲೇ ಓಲಾಡುತ್ತಿರುತ್ತದೆ. ಗುರುಗ್ರಹದ ಟ್ರೋಜನ್ ಕ್ಷುದ್ರಗ್ರಹಗಳು ಬದುಕಿರುವುದೇ ಹೀಗೆ. ಕಲ್ಲು ಧೂಳು ಕೂಡ ಅಲ್ಲೇ ಸೇರಬಹುದು, ಆದ್ದರಿಂದ ದುರ್ಗದ ಹೊರಗೋಡೆ ಅಲ್ಲಲ್ಲಿ ತೂತು ಬಿದ್ದಿರಲಿ.

ಬಪ್ಪು ಅವರ ಹೆಸರನ್ನು ಬರೀ ನಾಮಫಲಕ ಮಾಡಬೇಡಿ, ನನಗೆ ಸಿಟ್ಟು ಬರುತ್ತದೆ. 1957ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಓಲಿನ್ ವಿಲ್ಸನ್ ಜೊತೆ ಅವರು ಪ್ರಕಟಿಸಿದ್ದು ಏನು? ತಂಪು ನಕ್ಷತ್ರಗಳ ರೋಹಿತದಲ್ಲಿ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಲ್ಲಿ, ಕ್ಯಾಲ್ಸಿಯಂ ಮೂಡಿಸುವ ‘ಕೆ’ ಎಂಬ ಕಪ್ಪು ರೇಖೆಯ ನಡುವಿನ ಹೊಳಪು ಅಗಲವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು. ಅದನ್ನು ಕಣ್ಣಿಗೆ ಕಾಣುವ ಪ್ರಕಾಶದೊಂದಿಗೆ ತಾಳೆ ಹಾಕಿದರೆ ದೂರ ತಿಳಿಯುತ್ತದೆ. ನಿಮ್ಮದು ಕಿತ್ತಳೆ ನಕ್ಷತ್ರ, ಹೇಳಿ ಮಾಡಿಸಿದಂತಿದೆ. ನಾಯಕಿಯ ನಕ್ಷೆಗಳೆಲ್ಲ ಅಳಿಸಿಹೋಗಲಿ, ಆ ರೇಖೆಯನ್ನು ಅಳೆದೇ ಅವಳು ದಾರಿ ಹುಡುಕಲಿ.

ಉತ್ತರ: ಹೊಸದುರ್ಗದ ಓದುಗ

ಮೇಷ್ಟ್ರು ಒಂದು ತೊಂದರೆ ಹೇಳಲಿಲ್ಲ. ಎಲ್4ರಿಂದ ಗ್ರಹಕ್ಕೂ ನಕ್ಷತ್ರಕ್ಕೂ ಒಂದೇ ದೂರ. ಗ್ರಹ ಬರೀ ಚುಕ್ಕೆ! ಕಿಟಕಿಯಲ್ಲಿ ಅದರ ಮೋಡ ನೋಡಿ ನಾಯಕಿ ಕಣ್ಣೀರಿಡುವ ದೃಶ್ಯವಿದ್ದರೆ ತೆಗೆದುಹಾಕಿ. ಆ ದೂರ ಭೂಮಿ ಮತ್ತು ಸೂರ್ಯರ ಅಂತರದ ಅರ್ಧವಿದ್ದರೂ, ಗ್ರಹಕ್ಕೆ ಕರೆ ಮಾಡಿ ಉತ್ತರ ಪಡೆಯಲು ಎಂಟು ನಿಮಿಷ ಕಾಯಬೇಕು.

ಮರುಉತ್ತರ: ಚಳ್ಳಕೆರೆಯ ಕಥೆಗಾರ್ತಿ

ಕಣ್ಣೀರಿನ ದೃಶ್ಯ ಬಿಡಲಾರೆ, ಸರ್. ಕಾವಲೂರನ್ನು ಗ್ರಹದ ಸುತ್ತಲೇ ತಿರುಗಿಸುತ್ತೇನೆ, ಅಳುವುದು ಅಲ್ಲಿ ಆಗಲಿ. ದುರ್ಗ ಎಲ್4ಕ್ಕೆ ಹೋಯಿತು. ಆ ಎಂಟು ನಿಮಿಷದಲ್ಲಿ ಖಳನಾಯಕನಿಗೆ ಒಳ್ಳೆಯ ಕೆಲಸ ಸಿಕ್ಕಿದೆ.